ರಿಪೋರ್ಟ್ ನಾರ್ಮಲ್, ನೋವು ಹಾಗೇ ಇದೆ: ಪೇಷಂಟ್‌ಗೆ ಹೇಗೆ ಹೇಳುವುದು?

ರಾತ್ರಿ ಹನ್ನೊಂದಕ್ಕೆ ಹೊಟ್ಟೆನೋವೋ ಎದೆನೋವೋ ಅಂತ ಬಂದಿರುತ್ತಾರೆ. ಇಸಿಜಿ ಆಗುತ್ತದೆ, ರಕ್ತ ತೆಗೆಯುತ್ತಾರೆ, ಸೋನೋಗ್ರಫಿಯೂ ಆಗುತ್ತದೆ. ಬೆಳಗಿನ ಜಾವ ಮೂರಕ್ಕೆ ಡಾಕ್ಟರು ಪರದೆ ಸರಿಸಿ, ನಿಂತಲ್ಲಿಂದಲೇ "ಸಬ್ ನಾರ್ಮಲ್ ಹೈ, ಕುಛ್ ನಹೀ ಹೈ" ಅನ್ನುತ್ತಾರೆ. ಜೊತೆಗೆ ಬಂದ ಪಕ್ಕದ ಖೋಲಿಯವನು ಅದನ್ನು ಕನ್ನಡಕ್ಕೆ ತರುತ್ತಾನೆ: "ಏನೂ ಇಲ್ಲಂತ, ನಡಿ ಹೋಗೋಣ."

ಮುಂಬೈಯ ಕ್ಯಾಶುವಲ್ಟಿಗಳಲ್ಲಿ ಹದಿನೆಂಟು ವರ್ಷದಿಂದ ಇದನ್ನು ನೋಡುತ್ತಿದ್ದೇನೆ. ಮೊದಲ ಕೆಲವು ವರ್ಷ ಆ ಪರದೆ ಸರಿಸುತ್ತಿದ್ದವನು ನಾನೇ. ಹಾಗಾಗಿ ಈ ಲೇಖನ ಹೊಸದಾಗಿ ಡ್ಯೂಟಿಗೆ ಸೇರಿದ ನಮ್ಮ ಹುಡುಗ ಹುಡುಗಿಯರಿಗೆ, ನರ್ಸ್‌ಗಳಿಗೆ, ಮತ್ತೆ ಹಿಂದಿ ಬರುತ್ತದೆ ಅನ್ನುವ ಒಂದೇ ತಪ್ಪಿಗೆ ಆಸ್ಪತ್ರೆಗೆ ಎಳೆಸಿಕೊಂಡು ಬಂದ ಪಕ್ಕದ ಮನೆಯವರಿಗೆ.

ಮೊದಲ ಹೆಜ್ಜೆ: ಕೂತುಕೊಳ್ಳಿ. ಸ್ಟೂಲ್ ಇಲ್ಲದಿದ್ದರೆ ಮಂಚದ ತುದಿಗೆ. ಫೋನ್ ಜೇಬಿನಲ್ಲಿ ಇರಲಿ.

ಎರಡನೆಯದು: ಅವರ ಮನಸ್ಸಿನಲ್ಲಿ ಏನಿದೆ ಅಂತ ಕೇಳಿ. "ಇದು ಏನಿರಬಹುದು ಅಂತ ನಿಮಗೆ ಅನ್ನಿಸ್ತಿದೆ?" ಇಷ್ಟು ಸಾಕು. "ನಮ್ಮಪ್ಪ ಇದೇ ವಯಸ್ಸಿಗೆ ಎದೆ ಹಿಡ್ಕೊಂಡು ಹೋದ್ರು" ಅಂತ ಒಬ್ಬರು ಹೇಳುತ್ತಾರೆ. ಅವರಿಗೆ ಬೇಕಾದ ಉತ್ತರ ಅದರದ್ದು, ಕಿಡ್ನಿಯದ್ದಲ್ಲ. ವಿಜಯಪುರದ ಕಡೆಯ ಒಬ್ಬ ತಾಯಿ, ಬಿಲ್ಡಿಂಗ್ ಕೆಲಸದವರು, "ಚಕ್ರ ಬರ್ತಾವ್ರೀ" ಅಂತ, ಅಂದರೆ ತಲೆ ಸುತ್ತುತ್ತದೆ ಅಂತ ಬಂದಿದ್ದರು. ಎಲ್ಲ ಟೆಸ್ಟ್ ಮುಗಿದ ಮೇಲೆ ಅವರು ಕೇಳಿದ್ದು ಒಂದೇ: "ನಾಳಿ ಇಟ್ಟಂಗಿ ಹೊತ್ತು ಮ್ಯಾಲ ಏರಬೇಕೋ ಬ್ಯಾಡೋ?" ಅದನ್ನು ಯಾರೂ ಹೇಳಿರಲೇ ಇಲ್ಲ. ಬೇಡ, ಚಕ್ರ ಪೂರ್ತಿ ನಿಲ್ಲುವ ತನಕ ನೆಲದ ಮೇಲಿನ ಕೆಲಸ ಮಾತ್ರ ಅಂತ ಹೇಳಿ, ಮುಕಾದಮನಿಗೆ ತೋರಿಸಲು ಒಂದು ಚೀಟಿ ಬರೆದುಕೊಟ್ಟೆ.

ಮೂರನೆಯದು: ಏನೇನು ನೋಡಿದೆವು, ಏನು ಸಿಗಲಿಲ್ಲ ಅಂತ ಹೆಸರು ಹಿಡಿದು ಹೇಳಿ. "ಹಾರ್ಟ್ ಅಟ್ಯಾಕ್ ಇದೆಯಾ ಅಂತ ಎರಡು ಸಲ ಇಸಿಜಿ ತೆಗೆದೆವು, ರಕ್ತವನ್ನೂ ಎರಡು ಸಲ ನೋಡಿದೆವು. ಅದರ ಗುರುತು ಸಿಕ್ಕಿಲ್ಲ." ಎರಡು ಸಲ ಯಾಕೆ ಅನ್ನುವುದನ್ನೂ ಹೇಳಿ. ನೋವು ಶುರುವಾದ ಕೂಡಲೇ ಬಂದವರ ರಕ್ತದಲ್ಲಿ ಟ್ರೋಪೋನಿನ್, ಅಂದರೆ ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೇರುವ ಪ್ರೋಟೀನ್, ಇನ್ನೂ ಏರಿರುವುದಿಲ್ಲ, ಅದಕ್ಕೆ ಕೆಲವು ಗಂಟೆ ಬೇಕು. ಇದು ಗೊತ್ತಿಲ್ಲದವರಿಗೆ ಎರಡನೇ ಸಲ ಸೂಜಿ ಚುಚ್ಚುವುದು ಬಿಲ್ ಬೆಳೆಸುವ ಆಟದ ಹಾಗೆ ಕಾಣುತ್ತದೆ.

ಈಗ ಎಲ್ಲರೂ ಎಡವುವ ನಾಲ್ಕನೇ ಹೆಜ್ಜೆ: ಕಾರಣ ಗೊತ್ತಾಗಿಲ್ಲ ಅಂತ ಬಾಯಿ ಬಿಟ್ಟು ಹೇಳುವುದು.

ನನ್ನದೇ ಕಥೆ ಹೇಳಿಬಿಡುತ್ತೇನೆ. ಘಾಟ್ಕೋಪರ್ ಕಡೆಯ ಹೋಟೆಲೊಂದರಲ್ಲಿ ದೋಸೆ ಹಾಕುತ್ತಿದ್ದ ಕುಂದಾಪುರದ ಹುಡುಗ. ಹೊಕ್ಕುಳ ಸುತ್ತ ನೋವು. ರಕ್ತ ಸರಿ ಇತ್ತು, ಸೋನೋಗ್ರಫಿಯಲ್ಲೂ ಏನೂ ಕಾಣಲಿಲ್ಲ. "ಏನಿಲ್ಲ ಮಾರಾಯ, ಗ್ಯಾಸು" ಅಂತ ಕಳಿಸಿದೆ. ಅಪೆಂಡಿಕ್ಸ್ ನೋವು ಹಲವರಿಗೆ ಹೊಕ್ಕುಳಲ್ಲೇ ಶುರುವಾಗಿ, ಆಮೇಲೆ ಬಲಗಡೆ ಕೆಳಹೊಟ್ಟೆಗೆ ಇಳಿಯುತ್ತದೆ. ಮೊದಲ ಕೆಲವು ಗಂಟೆ ಟೆಸ್ಟ್‌ಗಳು ಸರಿ ಇರಬಹುದು. ಇದು ನನಗೆ ಗೊತ್ತಿತ್ತು. ಅವನಿಗೆ ಹೇಳಲಿಲ್ಲ, ಅಷ್ಟೆ. ಮೂರನೇ ದಿನ ಅಪೆಂಡಿಕ್ಸ್ ಒಡೆದು ವಾಪಸ್ ಬಂದ. ನೋವು ಬಲಗಡೆಗೆ ಇಳಿದಾಗ ಯಾಕೆ ಬರಲಿಲ್ಲ ಅಂತ ಕೇಳಿದರೆ, "ನೀವೇ ಏನಿಲ್ಲ ಅಂದ್ರಲ್ಲ ಡಾಕ್ಟ್ರೇ" ಅಂದ.

ಅವನಿಗೆ ನಾನು ಹೇಳಬೇಕಾಗಿದ್ದ ಮಾತು ಇದು: "ನೋವು ಇರುವುದು ನಿಜ. ಈಗಿಂದೀಗ ಆಪರೇಷನ್ ಬೇಕು ಅನ್ನುವಂಥದ್ದು ಇವತ್ತು ಕಾಣ್ತಿಲ್ಲ. ಆದರೆ ಯಾಕೆ ನೋಯುತ್ತಿದೆ ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಕೆಲವು ಕಾಯಿಲೆ ಮೊದಲ ದಿನ ಮುಖ ತೋರಿಸುವುದಿಲ್ಲ."

ನಾಲ್ಕು ವಾಕ್ಯ. ಅದರಲ್ಲಿ "ಇನ್ನೂ" ಅನ್ನುವ ಪದ ಬಿಡಬೇಡಿ. "ಗೊತ್ತಾಗಿಲ್ಲ" ಅಂದರೆ ಡಾಕ್ಟರಿಗೆ ಬರುವುದಿಲ್ಲ ಅಂತ ಕೇಳಿಸುತ್ತದೆ. "ಇನ್ನೂ ಗೊತ್ತಾಗಿಲ್ಲ" ಅಂದರೆ ಹುಡುಕಾಟ ಮುಗಿದಿಲ್ಲ ಅಂತ ಕೇಳಿಸುತ್ತದೆ. ಹೇಳಿದ ಮೇಲೆ ಸುಮ್ಮನಿರಿ. ಅವರು ಬೈಯಬಹುದು, ಅಳಬಹುದು, "ಎಂಆರ್‌ಐ ಮಾಡ್ಸಿ" ಅನ್ನಬಹುದು. ಆ ಅರ್ಧ ನಿಮಿಷವನ್ನು ತುಂಬಿಸಲು ಹೋಗಿಯೇ ನಾವು "ಟೆನ್ಷನ್ ಇರಬೇಕು" ಅಂದುಬಿಡುತ್ತೇವೆ. ಟೆನ್ಷನ್, ಗ್ಯಾಸ್, ವೀಕ್‌ನೆಸ್ ಈ ಮೂರನ್ನೂ ಪುರಾವೆ ಇಲ್ಲದೆ ಬಾಯಿಗೆ ತರಬೇಡಿ. ಹೆಂಗಸರಿಗಂತೂ "ಟೆನ್ಷನ್" ಬಹಳ ಬೇಗ ಅಂಟುತ್ತದೆ. ಒಮ್ಮೆ ಕೇಸ್ ಪೇಪರ್‌ನಲ್ಲಿ ಬಿತ್ತು ಅಂದರೆ ಮುಂದಿನ ಡಾಕ್ಟರೂ ಅದನ್ನೇ ಓದುತ್ತಾರೆ.

ಇನ್ನೊಂದು ಅಡ್ಡದಾರಿ ಇದೆ, ಸಲೈನ್. ಬಾಯಿಂದ ನೀರು ಕುಡಿಯಬಲ್ಲವರಿಗೂ ಒಂದು ಬಾಟಲಿ ಹಚ್ಚಿ, ಜೊತೆಗೆ ಹಳದಿ ವಿಟಮಿನ್ ಸೇರಿಸಿದರೆ ಮನೆಯವರು ಖುಷಿ. ಆದರೆ ಔಷಧಿ ಆಯಿತು, ಕಾಯಿಲೆ ಮುಗಿಯಿತು ಅಂತ ತಿಳಿದುಕೊಂಡು ಹೋಗುತ್ತಾರೆ. ಮಾರನೇ ದಿನ ಫುಲ್ ಬಾಡಿ ಚೆಕಪ್ ಪ್ಯಾಕೇಜ್‌ಗೆ ದುಡ್ಡು ಕಟ್ಟುವುದೂ ಇದೇ ಜಾತಿಯದ್ದು. ಅರವತ್ತು ಎಪ್ಪತ್ತು ಟೆಸ್ಟ್, ನೋವಿಗೆ ಸಂಬಂಧಪಟ್ಟದ್ದು ಎರಡೋ ಮೂರೋ.

ಮಳೆಗಾಲದ ಜ್ವರದಲ್ಲಿ ಈ ಮಾತು ಇನ್ನೂ ಮುಖ್ಯ. ಇಲಿಜ್ವರದ, ಅಂದರೆ ಲೆಪ್ಟೋದ ಆಂಟಿಬಾಡಿ ಟೆಸ್ಟ್ ಮೊದಲ ವಾರದಲ್ಲಿ ನೆಗೆಟಿವ್ ಬರಬಹುದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಬಿತ್ತಲ್ಲ, ಆಮೇಲೆ ಊರಲ್ಲಿ ಲೆಪ್ಟೋ ಎದ್ದಿತು. ಹಾಗಾಗಿ "ಕೊಳಕು ನೀರಲ್ಲಿ ನಡೆದಿದ್ರಾ?" ಅಂತ ಕೇಳದೆ "ರಿಪೋರ್ಟ್ ನೆಗೆಟಿವ್" ಅಂತ ಕಳಿಸುವುದು ಅರ್ಧ ಕೆಲಸ. ಡೆಂಗಿ ಇನ್ನೂ ಕಿಲಾಡಿ. ಜ್ವರ ಇಳಿಯುವ ಹೊತ್ತಿಗೇ ಅಪಾಯ ಜಾಸ್ತಿ. ಜ್ವರ ಬಿಟ್ಟಿತು ಅಂತ ಹೋಟೆಲ್ ಹುಡುಗರು ಡ್ಯೂಟಿಗೆ ಹೋಗುವುದೂ ಅದೇ ದಿನ.

ಐದನೆಯದು: ಯಾವಾಗ ವಾಪಸ್ ಬರಬೇಕು. "ಜಾಸ್ತಿಯಾದ್ರೆ ಬನ್ನಿ" ಅನ್ನುವುದಕ್ಕೆ ಅರ್ಥವೇ ಇಲ್ಲ. ಜಾಸ್ತಿ ಅಂದರೆ ಎಷ್ಟು? ಹೊಟ್ಟೆನೋವಾದರೆ: ನೋವು ಬಲಗಡೆಗೆ ಇಳಿದರೆ, ನಡೆಯುವಾಗ ಚುಚ್ಚಿದರೆ, ಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ. ಏನೂ ಆಗದೆ ನೋವು ಹಾಗೇ ಇದ್ದರೂ ನಾಳೆ ಇಷ್ಟು ಹೊತ್ತಿಗೆ ಇನ್ನೊಮ್ಮೆ ತೋರಿಸಬೇಕು. ಡೆಂಗಿ ಇರಬಹುದಾದ ಜ್ವರವಾದರೆ: ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಕು. ಅಲ್ಲಿಯತನಕ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಇರುವ ನೋವಿನ ಗುಳಿಗೆ ಬೇಡ.

ವಾಪಸ್ ಎಲ್ಲಿಗೆ ಅನ್ನುವುದನ್ನೂ ಕೇಳಿ. ದೂರದ ಉಪನಗರ ನಾಲಾಸೋಪಾರಾದವರಿಗೆ ರಾತ್ರಿ ಎರಡಕ್ಕೆ ಸಾಯನ್ ಆಸ್ಪತ್ರೆಗೆ ಬರಲು ಲೋಕಲ್ ರೈಲು ಇರುವುದಿಲ್ಲ. ಅವರ ಮನೆ ಹತ್ತಿರದ ದೊಡ್ಡ ಆಸ್ಪತ್ರೆ ಯಾವುದು ಅಂತ ಅಲ್ಲೇ ಮಾತಾಡಿಕೊಳ್ಳಿ. ಆಂಬುಲೆನ್ಸ್‌ನ 108 ನಂಬರ್ ಹೇಳಿ. ಹೋಟೆಲ್ ಮಾಳಿಗೆಯಲ್ಲಿ ಮಲಗುವ ಹುಡುಗನಾದರೆ ಜೊತೆಯವನೊಬ್ಬನಿಗೂ ವಿಷಯ ಗೊತ್ತಿರಬೇಕು.

ಆರನೆಯದು: ಅವರ ಬಾಯಲ್ಲೇ ಹೇಳಿಸಿ. "ಅರ್ಥ ಆಯ್ತಾ?" ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. "ಮನೆಗೆ ಹೋದ ಮೇಲೆ ಹೆಂಡ್ತಿ ಕೇಳಿದ್ರೆ ಏನು ಹೇಳ್ತೀರಿ ಅಣ್ಣಾ?" ಅನ್ನಿ. ಡಾಕ್ಟರ ಮಾತನ್ನು ಕನ್ನಡಕ್ಕೆ ದಾಟಿಸುವವರು ಇದ್ದರೆ ಈ ಹೆಜ್ಜೆ ಬಿಡಲೇಬೇಡಿ. ದಾಟಿಸುವವರೇ, ನಿಮಗೂ ಒಂದು ಮಾತು: ಡಾಕ್ಟರು ಐದು ವಾಕ್ಯ ಹೇಳಿದರೆ ಐದನ್ನೂ ಹೇಳಿ, ಸಾರಾಂಶ ಬೇಡ. ಫೋನಿನ ಅನುವಾದದ ಆ್ಯಪ್‌ಗಿಂತ ನೀವೇ ವಾಸಿ. ಅದರ ಪುಸ್ತಕದ ಕನ್ನಡ ಕಲಬುರಗಿಯವರಿಗೂ ತಿಳಿಯುವುದಿಲ್ಲ, ಕುಂದಾಪುರದವರಿಗೂ ತಿಳಿಯುವುದಿಲ್ಲ.

ಕೊನೆಗೆ ಕಾಗದ. ವಾಪಸ್ ಬರಬೇಕಾದ ಲಕ್ಷಣಗಳನ್ನು ಕೇಸ್ ಪೇಪರ್ ಹಿಂದೆ ಕನ್ನಡದಲ್ಲೇ ಬರೆದುಕೊಡಿ, ಓದಲು ಬಾರದವರ ಫೋನಿನಲ್ಲಿ ನಿಮ್ಮ ಧ್ವನಿ ರೆಕಾರ್ಡ್ ಮಾಡಿಕೊಡಿ. ಇಸಿಜಿ ಕೊಟ್ಟಿದ್ದರೆ ಅದರ ಫೋಟೋ ತೆಗೆಸಿ, ಜೆರಾಕ್ಸ್ ಮಾಡಿಸಲು ಹೇಳಿ. ಅದು ಥರ್ಮಲ್ ಕಾಗದ, ಬಿಸಿಲಿಗೆ ಗೆರೆ ಮಾಸಿಹೋಗುತ್ತದೆ.