ಯುಕೆನಲ್ಲಿ ಸೇಫ್ಟಿಗೆ ಯಾವ ಚಾಕು ಒಳ್ಳೇದು ಅಂತ ಕೇಳೋರಿಗೆ

ಹೋದ ತಿಂಗಳು ದಾವಣಗೆರೆ ಕಡೆ ಹುಡುಗ ಒಬ್ಬ ಮನೆಗೆ ಊಟಕ್ಕೆ ಬಂದಿದ್ದ. ಮಾಸ್ಟರ್ಸ್‌ಗೆ ಅಂತ ಬಂದು ಎರಡು ತಿಂಗಳೂ ಆಗಿಲ್ಲ, ವೇರ್‌ಹೌಸ್ ಶಿಫ್ಟ್ ಮುಗಿಸ್ಕೊಂಡು ರಾತ್ರಿ ಒಂದು ಗಂಟೆಗೆ ಒಬ್ನೇ ನಡ್ಕೊಂಡು ರೂಮಿಗೆ ಹೋಗ್ತಾನಂತೆ. ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ ಮೆಲ್ಲಗೆ ಕೇಳ್ದ, "ಅಣ್ಣಾ, ಸೆಲ್ಫ್ ಡಿಫೆನ್ಸ್‌ಗೆ ಯಾವ ಚಾಕು ತಗೊಳ್ಲಿ?" ನನ್ನ ಹೆಂಡ್ತಿ ನನ್ನ ಮುಖ ನೋಡಿ ಕಿಸಕ್ಕಂತ ನಕ್ಕಳು. ಯಾಕೆ ಅಂತ ಕೆಳಗೆ ಹೇಳ್ತೀನಿ.

ಉತ್ತರ ಒಂದೇ ಮಾತು, ಯಾವ್ದೂ ಬೇಡ. ಇಲ್ಲಿ ಚಾಕು ಎಷ್ಟುದ್ದ ಇದೆ ಅನ್ನೋದು ಆಮೇಲಿನ ಮಾತು, ಯಾಕೆ ಇಟ್ಕೊಂಡಿದೀಯ ಅನ್ನೋದೇ ಮೊದಲನೇ ಪ್ರಶ್ನೆ, ಮತ್ತೆ "ನನ್ನ ರಕ್ಷಣೆಗೆ" ಅನ್ನೋದು ಇವರ ಕಾನೂನಲ್ಲಿ ಕಾರಣ ಅಲ್ಲ, ತಪ್ಪೊಪ್ಪಿಗೆ.

ನಮ್ಮೂರಲ್ಲಿ ಹಂಗಲ್ಲ. ಅಲ್ಲಿ ಆರ್ಮ್ಸ್ ರೂಲ್ಸ್ ನೋಡೋದು ಅಲಗು 9 ಇಂಚಿಗಿಂತ ಉದ್ದ ಇದ್ಯಾ, 2 ಇಂಚಿಗಿಂತ ಅಗಲ ಇದ್ಯಾ ಅಂತ, ಅದೂ ಅಡಿಗೆಮನೆ ಹೊಲಗದ್ದೆ ಸಾಮಾನು ಬಿಟ್ಟು. ಆ ತಲೇಲೇ ಇಲ್ಲಿಗೆ ಬರ್ತೀವಿ, ಅದೇ ತೊಂದರೆ.

ನನ್ನ ಕಥೆ 2018ರದು. ಫ್ರೆಂಡ್ ಒಬ್ಬ ಮನೆ ಬದಲಾಯಿಸಿದ್ದ, ಮಂಚ ವಾರ್ಡ್‌ರೋಬ್ ಜೋಡಿಸೋಕೆ ಬಾ ಅಂದ, ನಾನು ನನ್ನ ಮಲ್ಟಿಟೂಲ್ (ಇಕ್ಕಳ, ಸ್ಕ್ರೂಡ್ರೈವರ್, ಚಾಕು ಎಲ್ಲ ಒಂದರಲ್ಲೇ ಮಡಚಿರುತ್ತಲ್ಲ, ಅದು) ಜಾಕೆಟ್ ಜೇಬಿಗೆ ಹಾಕ್ಕೊಂಡು ಹೋದೆ. ಇಡೀ ಶನಿವಾರ ಸ್ಕ್ರೂ ತಿರುಗಿಸಿ, ಚಿತ್ರಾನ್ನ ತಿಂದು, ರಾತ್ರಿ ವಾಪಸ್ ಬರೋವಾಗ ಟ್ರೈನ್ ಸ್ಟೇಷನ್ ಬಾಗಿಲಲ್ಲಿ ಮೆಟಲ್ ಡಿಟೆಕ್ಟರ್ ಕಮಾನು ನಿಲ್ಲಿಸಿದ್ರು, ಮಾಲ್‌ನಲ್ಲಿ ಇರುತ್ತಲ್ಲ ಹಂಗೆ. ಕೂಗ್ತು. ಪೊಲೀಸಪ್ಪ ತುಂಬಾ ಮರ್ಯಾದೆಯಿಂದ ಜೇಬಲ್ಲಿ ಏನಿದೆ ಅಂದ, ನಾನೂ ಏನೂ ಮುಚ್ಚಿಡದೆ ತೆಗೆದು ಕೊಟ್ಟೆ. ಯಾಕಿದು ಅಂದ. "ಫರ್ನಿಚರ್ ಫಿಟ್ ಮಾಡೋಕೆ ಹೋಗಿದ್ದೆ" ಅಂದೆ. ಅಲ್ಲಿಗೆ ಬಾಯಿ ಮುಚ್ಚಿದ್ರೆ ಬಹುಶಃ ಮನೆಗೆ ಹೋಗಿ ಮಲಗ್ತಿದ್ದೆ. ನಾನು ದೊಡ್ಡ ಮನುಷ್ಯನ ಥರ ಸೇರಿಸಿದೆ, "ಲೇಟ್ ನೈಟ್ ಓಡಾಡ್ತೀನಲ್ಲ ಸರ್, ಸೇಫ್ಟಿಗೂ ಆಗುತ್ತೆ." ಅದುವರೆಗೂ ಬರೀತಿದ್ದ ಪೆನ್ನು ನಿಂತೋಯ್ತು.

ಆಮೇಲೆ ಗೊತ್ತಾಗಿದ್ದು. 1988ರ ಕ್ರಿಮಿನಲ್ ಜಸ್ಟಿಸ್ ಆಕ್ಟ್ 139ನೇ ಸೆಕ್ಷನ್ ಪ್ರಕಾರ ಕಾರಣ ಕೇಳದೆ ಬಿಡೋದು ಒಂದೇ ಒಂದು ಥರದ ಚಾಕು, ಮಡಚೋದು, ಅಲಗಿನ ಅಂಚು 3 ಇಂಚು ದಾಟಬಾರದು, ಮತ್ತೆ ಬಿಚ್ಚಿದಾಗ ಲಾಕ್ ಆಗಬಾರದು. ಈ ಲಾಕ್ ವಿಷಯ ಯಾರಿಗೂ ಗೊತ್ತಿರಲ್ಲ. ಸಾಧಾರಣ ಸಣ್ಣ ಸ್ವಿಸ್ ಚಾಕು ಪರವಾಗಿಲ್ಲ, ಆದ್ರೆ ಎಷ್ಟೋ ಮಲ್ಟಿಟೂಲ್‌ಗಳಲ್ಲಿ ಅಲಗು ಟಕ್ ಅಂತ ಲಾಕ್ ಆಗುತ್ತೆ, ಹಂಗಾದ್ರೆ ಅದು ಎರಡೇ ಇಂಚಿದ್ರೂ ಮಡಚೋ ಚಾಕು ಅಂತ ಲೆಕ್ಕ ಇಲ್ಲ. ಅದಕ್ಕೆ ಒಳ್ಳೆ ಕಾರಣ ಬೇಕು, ಕಾರಣ ಇದೆ ಅಂತ ತೋರಿಸೋ ಹೊಣೆ ನಮ್ಮದು. ಕೆಲಸ ಇತ್ತು ಅನ್ನೋದು ಕಾರಣವೇ. ನನ್ನ ಹತ್ರ ನಿಜವಾದ ಕಾರಣ ಇತ್ತು ಕಣ್ರೀ! ಅದ್ರ ಮೇಲೆ ನಾನೇ ನೀರು ಹುಯ್ದೆ. ಯಾಕಂದ್ರೆ 1953ರ ಇನ್ನೊಂದು ಕಾನೂನಿದೆ, ಯಾವ ವಸ್ತುವನ್ನೇ ಆಗ್ಲಿ ಇನ್ನೊಬ್ಬರಿಗೆ ಗಾಯ ಮಾಡೋ ಉದ್ದೇಶದಿಂದ ಹೊರಗೆ ಹಿಡ್ಕೊಂಡ್ರೆ ಅದು ಆಯುಧ, ಸ್ಕ್ರೂಡ್ರೈವರ್ ಆದ್ರೂ ಸರಿ, ಆ ಲೀಗಲ್ ಸಣ್ಣ ಚಾಕು ಆದ್ರೂ ಸರಿ. ಎರಡು ಕಾನೂನಿಗೂ ಗರಿಷ್ಠ 4 ವರ್ಷ ಜೈಲು.

ಅವತ್ತು ಪೊಲೀಸ್ ಸ್ಟೇಷನ್‌ಗೆ ಕರ್ಕೊಂಡು ಹೋಗಿ ಬೆಲ್ಟು, ಷೂ ಲೇಸು ತೆಗೆಸಿದ್ರು. ಲಾಯರ್ ಬೇಕಾ ಅಂದಾಗ ಬೇಡ ಅಂದೆ, ತಪ್ಪೇ ಮಾಡಿಲ್ಲ ಲಾಯರ್ ಯಾಕೆ, ಕೇಳಿದ್ರೆ ಇನ್ನೂ ಲೇಟಾಗುತ್ತೆ, ದುಡ್ಡು ಬೇರೆ ಅಂತ. ಎರಡನೇ ಸಲ ಕೇಳಿದಾಗ ಏನೋ ಹೂಂ ಅಂದೆ, ದೇವರು ದೊಡ್ಡೋನು. ಡ್ಯೂಟಿ ಸಾಲಿಸಿಟರ್, ಅಂದ್ರೆ ಸ್ಟೇಷನ್ನಿಗೇ ಕರೆಸೋ ಲಾಯರ್, ಫ್ರೀ, ಸಂಬಳ ಎಷ್ಟೇ ಇರ್ಲಿ, ವೀಸಾ ಯಾವ್ದೇ ಇರ್ಲಿ ಫ್ರೀ. ಆಯಮ್ಮ ಬಂದು ಮೊದಲು ಹೇಳಿದ್ದೇ, ಕಾಶನ್ ತಗೋ ಅಂತ ಅಂದ್ರೆ ಬೇಗ ಮನೆಗೆ ಹೋಗ್ಬಹುದು ಅಂತ ಸೈನ್ ಹಾಕ್ಬೇಡ. ನಾವು ಕಾಶನ್ ಅಂದ್ರೆ "ಬುದ್ಧಿ ಹೇಳಿ ಬಿಟ್ರು" ಅಂದ್ಕೋತೀವಿ. ಅಲ್ಲ, ತಪ್ಪು ಮಾಡಿದೀನಿ ಅಂತ ಒಪ್ಪಿಕೊಂಡ ಹಾಗೆ, ದಾಖಲೆಲಿ ಕೂತಿರುತ್ತೆ, ವೀಸಾ, ಐಎಲ್‌ಆರ್ (ಇಲ್ಲೇ ಖಾಯಂ ಇರೋಕೆ ಕೊಡೋ ಪರ್ಮಿಷನ್), ಸಿಟಿಜನ್‌ಶಿಪ್ ಫಾರ್ಮ್ ತುಂಬೋವಾಗೆಲ್ಲ ಅದನ್ನ ಬರೀಬೇಕು.

ನನ್ನನ್ನ ತನಿಖೆ ಬಾಕಿ ಅಂತ ಬಿಟ್ರು. ಐದು ತಿಂಗಳು! ಅದೇ ಹೊತ್ತಿಗೆ ಐಎಲ್‌ಆರ್ ಹಾಕೋ ಟೈಮು, ಇಮಿಗ್ರೇಷನ್ ಲಾಯರ್ ಈಗ ಹಾಕ್ಬೇಡ, ಕಾಯ್ಬೇಕು ಅಂದ, ಅದನ್ನ ಹೇಳೋಕೂ ಫೀಸು ತಗೊಂಡ. ವೀಸಾ ಇನ್ನೂ ಎಂಟು ತಿಂಗಳು ಇತ್ತು ಅಂತ ಬಚಾವ್. ಫ್ರೆಂಡು ಫರ್ನಿಚರ್ ರಸೀದಿ ಸಮೇತ ಹೇಳಿಕೆ ಕೊಟ್ಟ ಮೇಲೆ ಮುಂದೆ ಕ್ರಮ ಇಲ್ಲ ಅಂತ ಒಂದು ಕಾಗದ ಬಂತು. ಮಲ್ಟಿಟೂಲ್ ವಾಪಸ್ ಬರ್ಲಿಲ್ಲ, ನಾನೂ ಕೇಳ್ಲಿಲ್ಲ.

ಮರೆತುಹೋಗಿತ್ತು ಅಂದ್ರೂ ನಡೆಯಲ್ಲ. ಆಯುಧ ಪೂಜೆಗೆ ಬೂದುಗುಂಬಳ ಹೆಚ್ಚೋಕೆ ಅಂತ ದೊಡ್ಡ ಕತ್ತಿ ಕಾರಿನ ಡಿಕ್ಕಿಗೆ ಹಾಕ್ಕೊಂಡು ಹಾಲ್‌ಗೆ ಹೋಗೋರು ನಮ್ಮಲ್ಲಿ ಎಷ್ಟು ಜನ ಇಲ್ಲ. ಹೋಗೋವಾಗ ಕಾರಣ ಇದೆ, ಸರಿ. ದೀಪಾವಳಿ ಬಂದ್ರೂ ಅದು ಡಿಕ್ಕಿಲೇ ಇದ್ರೆ? ರಸ್ತೇಲಿರೋ ಕಾರು ಅಂದ್ರೆ ಸಾರ್ವಜನಿಕ ಜಾಗದಲ್ಲಿ ಇದ್ದಂಗೆ, ಬರೀ ಮರೆವು ಒಳ್ಳೆ ಕಾರಣ ಅಲ್ಲ ಅಂತ ಕೋರ್ಟುಗಳು ಹೇಳಿಬಿಟ್ಟಿವೆ. ಅವತ್ತೇ ರಾತ್ರಿ ಇಳಿಸಿ. ಅಡಿಗೆಗೆ ಚಾಕು ಕೊಂಡ್ರೂ ಪ್ಯಾಕ್ ಬಿಚ್ಚದೆ, ರಸೀದಿ ಇಟ್ಕೊಂಡು, ಸೀದಾ ಮನೆಗೆ. ಊರಿಂದ ಈಳಿಗೆ ಮಣೆ ತಂದ್ರೆ ಮನೇಲಿಟ್ಕೊಳ್ಳಿ, ಯಾರೂ ಏನೂ ಅನ್ನಲ್ಲ. ಆದ್ರೆ ಬಟನ್ ಒತ್ತಿದ್ರೆ ಚಿಮ್ಮೋದು, ಬಟರ್‌ಫ್ಲೈ ಚಾಕು, ಇವೆಲ್ಲ 2021ರಿಂದ ಮನೆಯೊಳಗೂ ಇಟ್ಕೊಳ್ಳೋಹಾಗಿಲ್ಲ. ಝೋಂಬಿ ಚಾಕು ಅಂತಾರಲ್ಲ, 8 ಇಂಚಿಗಿಂತ ಉದ್ದ, ಗರಗಸದ ಹಲ್ಲು ಗಿಲ್ಲು ಇರೋ ಶೋಕಿ ಮಾಲು, ಅದಕ್ಕೂ 2024ರ ಸೆಪ್ಟೆಂಬರ್‌ನಲ್ಲಿ ಬೀಗ ಬಿತ್ತು.

ಕೊಡವ ಗೆಳೆಯರು ಕೇಳ್ತಿರ್ತಾರೆ, ಮದುವೆಗೆ ಕುಪ್ಯ ಹಾಕ್ಕೊಂಡಾಗ ಪೀಚೆಕತ್ತಿ ಸಿಕ್ಕಿಸ್ಕೊಬಹುದಾ ಅಂತ. 139ನೇ ಸೆಕ್ಷನ್‌ನಲ್ಲೇ ಧರ್ಮದ ಕಾರಣ, ರಾಷ್ಟ್ರೀಯ ಉಡುಪಿನ ಭಾಗ, ಕೆಲಸ ಅಂತ ಬರೆದಿದೆ, ಸಿಖ್ಖರ ಕಿರ್ಪಾಣ್, ಸ್ಕಾಟ್‌ಲ್ಯಾಂಡಿನವರು ಕಾಲುಚೀಲದಲ್ಲಿ ಸಿಕ್ಕಿಸ್ಕೊಳ್ಳೋ ಚೂರಿ ಇದರ ನೆರಳಲ್ಲೇ ನಿಂತಿರೋದು. ನಮ್ಮ ಪೀಚೆಕತ್ತಿನೂ ಅದೇ ವಾದದ ಮೇಲೆ ನಿಲ್ಲಬೇಕು. ಆದ್ರೆ ಪೂರ್ತಿ ಉಡುಪಿನ ಜೊತೆ ಮಂಟಪದಲ್ಲಿ ಇರೋದು ಬೇರೆ, ಜೀನ್ಸ್ ಹಾಕ್ಕೊಂಡು ಬ್ಯಾಗಲ್ಲಿ ಹಾಕಿ ರಾತ್ರಿ ಟ್ಯೂಬ್ ಟ್ರೈನ್ ಹತ್ತೋದು ಬೇರೆ. ಕಾರಲ್ಲಿ ಹೋಗಿ, ಮದುವೆ ಪತ್ರಿಕೆ ಜೊತೆಗಿರ್ಲಿ.

ಈಗ ಅಮ್ಮಂದಿರಿಗೆ ಒಂದು ಮಾತು. ಮಗಳು ಹೊರಡೋವಾಗ ಚಟ್ನಿಪುಡಿ ಡಬ್ಬದ ಪಕ್ಕ ಪೆಪ್ಪರ್ ಸ್ಪ್ರೇ ಇಡ್ತೀರಲ್ಲ, ದಯವಿಟ್ಟು ತೆಗೀರಿ. ಬೆಂಗಳೂರಲ್ಲಿ ಅಂಗಡೀಲಿ ಸಿಗೋ ಆ ಡಬ್ಬಿ ಇಲ್ಲಿ 1968ರ ಫೈರ್‌ಆರ್ಮ್ಸ್ ಆಕ್ಟ್ 5ನೇ ಸೆಕ್ಷನ್ ಕೆಳಗೆ ನಿಷೇಧಿತ ಆಯುಧ, ಬಂದೂಕಿನ ಕಾನೂನು ರೀ, ಗರಿಷ್ಠ 10 ವರ್ಷ. ಜರ್ಮನಿಲಿ ಅದನ್ನೇ ಪ್ರಾಣಿ ಓಡಿಸೋಕೆ ಅಂತ ಲೇಬಲ್ ಅಂಟಿಸಿ ರಾಜಾರೋಷವಾಗಿ ಮಾರ್ತಾರೆ, ಅಲ್ಲಿಂದ ಬರೋರೂ ಬ್ಯಾಗ್ ನೋಡ್ಕೊಳ್ಳಿ. ನನ್ನ ಕೇಳಿದ್ರೆ ಚಾಕು ವಿಷಯದಲ್ಲಿ ಇವರು ಮಾಡಿದ್ದೇ ಸರಿ, ಹದಿನಾರು ಹದಿನೇಳರ ಹುಡುಗರು ಭಯಕ್ಕೆ ಅಂತ ಜೇಬಲ್ಲಿಟ್ಕೊಂಡು ಒಬ್ಬರಿಗೊಬ್ಬರು ಚುಚ್ಕೊಂಡು ಸಾಯ್ತಿರೋದನ್ನ ನ್ಯೂಸ್‌ನಲ್ಲಿ ನೋಡಿ ನೋಡಿ ಸಾಕಾಗಿದೆ. ಪೆಪ್ಪರ್ ಸ್ಪ್ರೇ ವಿಷಯದಲ್ಲಿ ಮಾತ್ರ ನಮ್ಮ ದೇಶನೇ ವಾಸಿ. ರಾತ್ರಿ ಹನ್ನೆರಡಕ್ಕೆ ಆಸ್ಪತ್ರೆ ಡ್ಯೂಟಿ ಮುಗಿಸ್ಕೊಂಡು ಬಸ್ ಸ್ಟಾಪಲ್ಲಿ ನಿಲ್ಲೋ ನರ್ಸಿಗೆ ಸೀಟಿ ಊದಮ್ಮ ಅನ್ನೋದು ನ್ಯಾಯ ಅಲ್ಲ. ಆದ್ರೂ ಕಾನೂನು ಕಾನೂನೇ.

ಹಂಗಾದ್ರೆ ಹೊಡೆಯೋಕೆ ಬಂದ್ರೆ ಸುಮ್ನೆ ನಿಲ್ಲಬೇಕಾ? ಇಲ್ಲ, ಪರಿಸ್ಥಿತಿಗೆ ತಕ್ಕಷ್ಟು ಬಲ ಬಳಸಿ ತಪ್ಪಿಸ್ಕೊಳ್ಳೋ ಹಕ್ಕಿದೆ. ಮುಂಚೆನೇ ತಯಾರಿ ಮಾಡ್ಕೊಂಡು ಆಯುಧ ಹಿಡ್ಕೊಂಡು ಓಡಾಡೋ ಹಕ್ಕಿಲ್ಲ. ಆ ಹುಡುಗನಿಗೆ ಪಿನ್ ಎಳೆದ್ರೆ ಕಿರುಚೋ ಪರ್ಸನಲ್ ಅಲಾರ್ಮ್ ಒಂದು ಕೊಟ್ಟು ಕಳಿಸ್ದೆ, ಇಲ್ಲಿ ತಲೆನೋವಿಲ್ಲದೆ ಇಟ್ಕೊಳ್ಳಬಹುದಾದ್ದು ಅದೇ. ಶಿಫ್ಟ್ ಮುಗಿಸಿ ಬರೋ ಇನ್ನೊಬ್ಬರನ್ನ ಜೊತೆ ಮಾಡ್ಕೋ ಅಂದೆ, ಹೆಡ್‌ಫೋನ್ ತೆಗಿ ಅಂದೆ. ಮೊಬೈಲಿಂದ ಇಲ್ಲಿನ ಎಮರ್ಜೆನ್ಸಿ ನಂಬರ್ 999ಕ್ಕೆ ಫೋನ್ ಮಾಡಿ ಮಾತಾಡೋಕೆ ಆಗ್ದೇ ಇದ್ರೆ, 55 ಒತ್ತಿ ಅಂತ ಆ ಕಡೆಯಿಂದ ಹೇಳಿದಾಗ ಒತ್ತಬೇಕು, ಆಗ ಪೊಲೀಸರಿಗೆ ಕನೆಕ್ಟ್ ಮಾಡ್ತಾರೆ. ಬರೀ 55 ಒತ್ತಿದ ತಕ್ಷಣ ನೀವೆಲ್ಲಿದೀರ ಅಂತ ಅವರಿಗೆ ಗೊತ್ತಾಗಿಬಿಡಲ್ಲ, ಲೈನ್ ಕಟ್ ಮಾಡ್ಬೇಡಿ, ಅವರು ಕೇಳೋ ಪ್ರಶ್ನೆಗೆ ಕೆಮ್ಮಿ ಆದ್ರೂ ಉತ್ತರ ಕೊಡಿ.