ಅಡುಗೆ ಮುಗಿಯುವ ಹೊತ್ತನ್ನು ಬದಲಿಸಿದೆವು

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಮಧ್ಯಾಹ್ನದ ಊಟದ ಜವಾಬ್ದಾರಿ ನನ್ನದು. ನಮ್ಮ ಅಡುಗೆಕೋಣೆಯ ಬಗ್ಗೆ ಯಾರೂ ಕೊರತೆ ಹೇಳುವಂತಿರಲಿಲ್ಲ. ನೆಲ ಒರೆಸಿರುತ್ತಿತ್ತು, ಪಾತ್ರೆ ಬೆಳಗಿ ಕವುಚಿ ಇಟ್ಟಿರುತ್ತಿತ್ತು, ಅಡುಗೆ ಅಕ್ಕ ತಲೆಗೆ ಬಟ್ಟೆ ಕಟ್ಟದೆ ಒಲೆ ಹತ್ತಿರ ಹೋದವರೇ ಅಲ್ಲ. ಆದರೂ ಒಂದು ಮಾರ್ಚ್ ತಿಂಗಳಲ್ಲಿ ಊಟವಾಗಿ ಎರಡು ಗಂಟೆ ಕಳೆಯುವಷ್ಟರಲ್ಲಿ ಏಳು ಮಕ್ಕಳು ವಾಂತಿ ಮಾಡಿದರು. ರಾತ್ರಿಯೊಳಗೆ ಎಲ್ಲರೂ ಸುಧಾರಿಸಿಕೊಂಡರು. ನನಗೆ ಮಾತ್ರ ನಿದ್ದೆ ಬರಲಿಲ್ಲ.

ಬಡಿಸುವ ಮೊದಲು ನಾನೇ ರುಚಿ ನೋಡಿದ್ದೆ. ಹಳಸಿದರೆ ನಾಲಗೆಗೆ ತಿಳಿಯುತ್ತದೆ, ಆದರೆ ಹಳಸುವ ಮೊದಲೇ ಬೆಳೆದ ರೋಗಾಣು ತಿಳಿಯುವುದಿಲ್ಲ, ಅಲ್ವಾ? ಪರೀಕ್ಷೆಗೆ ಕಳಿಸೋಣ ಎಂದರೆ ಒಂದು ಅಗುಳೂ ಉಳಿದಿರಲಿಲ್ಲ. ಈಗ ದಿನವೂ ಒಂದು ಸಣ್ಣ ಡಬ್ಬಿಯಲ್ಲಿ ಸ್ವಲ್ಪ ತೆಗೆದು ಫ್ರಿಜ್ಜಿನಲ್ಲಿ ಇಡುತ್ತೇವೆ.

ಮರುವಾರ ಅಡುಗೆಗೆ ಚುಚ್ಚಿ ನೋಡುವ ಥರ್ಮಾಮೀಟರ್ ತಂದೆ. ಹತ್ತೂಕಾಲಿಗೇ ಕುಚ್ಚಲಕ್ಕಿ ಅನ್ನ ಬಸಿದು, ಹನ್ನೊಂದಕ್ಕೆ ತರಗತಿಗೊಂದು ಬಕೆಟಿನಂತೆ ತುಂಬಿಸಿ ಮುಚ್ಚಿಡುವುದು ನಮ್ಮ ಕ್ರಮ. ಒಂದು ಗಂಟೆಗೆ ಚುಚ್ಚಿ ನೋಡಿದರೆ ಅನ್ನ 46 ಡಿಗ್ರಿ, ಕಾಯಿ ಅರೆದು ಹಾಕಿದ ಸೌತೆಕಾಯಿ ಸಾಂಬಾರು 43! ಬಿಸಿ ಊಟ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣುವಿನ ಬೀಜಕ (ಗಟ್ಟಿ ಕವಚದೊಳಗೆ ಮಲಗಿರುವ ಅದರ ರೂಪ) ಇರಬಹುದು, ಅದು ಕುದಿಸಿದರೂ ಸಾಯದೆ ಉಳಿದು ಉಗುರುಬೆಚ್ಚಗಿನ ಅನ್ನದಲ್ಲಿ ಬೆಳೆಯುತ್ತದೆ, ವಾಂತಿ ಬರಿಸುವ ಅದರ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಅಕ್ಕನ ಹತ್ತಿರ ಹೇಳಿದೆ. "ಬೇಗ ಮುಗಿದರೆ ದೊಡ್ಡ ಪಾತ್ರೆ ತೊಳೀಲಿಕ್ಕೆ ಹೊತ್ತು ಸಿಗ್ತದೆ ಮಾಷ್ಟ್ರೇ, ನಾನು ಒಬ್ಬಳೇ ಅಲ್ವಾ?" ಎಂದರು. ಅವರ ಮಾತು ನೂರಕ್ಕೆ ನೂರು ಸರಿ. ಒಬ್ಬರ ಮೇಲೆ ಅಷ್ಟು ಕೆಲಸ ಹೊರಿಸಿ, ಹೊತ್ತು ಬದಲಿಸಿ ಅಂತ ಸುಮ್ನೆ ಹೇಳಿದರೆ ಆಗುತ್ತದಾ? ಹೆತ್ತವರ ಮತ್ತು ಅಧ್ಯಾಪಕರ ಸಂಘದ (ಪಿಟಿಎ) ಸಭೆಯಲ್ಲಿ ಕೇಳಿದಾಗ ನಾಲ್ಕು ತಾಯಂದಿರು ಸರದಿಯಲ್ಲಿ ಬಂದು ಪಾತ್ರೆಗೆ ಕೈ ಜೋಡಿಸಲು ಒಪ್ಪಿದರು. ಈಗ ಅನ್ನ ಬಸಿಯುವುದು ಹನ್ನೆರಡೂಕಾಲಿಗೆ. ಕಾಯಿ ಅರೆದು ಹಾಕಿ ಸಾಂಬಾರು ಚೆನ್ನಾಗಿ ಕುದಿಸುವುದು ಹನ್ನೆರಡೂವರೆಗೆ. ಬಕೆಟ್ ತುಂಬುವುದು ಗಂಟೆ ಹೊಡೆದ ಮೇಲೆಯೇ.

ಮಳೆಗಾಲದಲ್ಲಿ ಬಾವಿಯದ್ದು ಬೇರೆ ಚಿಂತೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಬೇಕು. ನಮ್ಮ ಬಾವಿ 3 ಮೀಟರ್ ಅಗಲ, ನೀರು 4 ಮೀಟರ್ ಇದ್ದಾಗ ಸುಮಾರು 28,000 ಲೀಟರ್, ಅಂದರೆ 70 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಬಿಡುತ್ತೇವೆ. ಇದು ಸಂಜೆಯ ಕೆಲಸ.

ಮೊಟ್ಟೆ ಕೊಡುವ ದಿನ ಮೊದಲೇ ಸುಲಿದು ಇಡುವುದನ್ನೂ ಬಿಟ್ಟಿದ್ದೇವೆ. ಮಕ್ಕಳು ಸೋಪು ಹಾಕಿ ಕೈ ತೊಳೆದು ತಾವೇ ಸುಲಿದುಕೊಳ್ಳುತ್ತಾರೆ, ಸಣ್ಣವರಿಗೆ ಏಳನೆಯ ತರಗತಿಯವರು ಸುಲಿದು ಕೊಡುತ್ತಾರೆ.