ಕೋಲ್ಟ್ರೇನ್ ವಿಡಿಯೊ ಜೊತೆ ನುಡಿಸುವ ಮುನ್ನ ಶ್ರುತಿ ನೋಡಿಕೊಳ್ಳಿ

ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್‌ನ ಹಳೇ ವಿಡಿಯೊ ಜೊತೆ ಸ್ಯಾಕ್ಸೋಫೋನ್ ಅಭ್ಯಾಸ ಮಾಡುವವರು ಮೊದಲು ಫೋನಿನ ಟ್ಯೂನರ್ ಆ್ಯಪ್ ತೆರೆದು ಶ್ರುತಿ ಪರೀಕ್ಷಿಸಿ. ಸುಮಾರು 70 ಸೆಂಟ್ (ಪಿಯಾನೊದ ಪಕ್ಕಪಕ್ಕದ ಎರಡು ಸ್ವರಗಳ ಅಂತರ ಒಂದು ಸೆಮಿಟೋನ್, ಅದರ ನೂರನೇ ಒಂದು ಭಾಗ ಒಂದು ಸೆಂಟ್) ಏರಿದ್ದರೆ ವೇಗವನ್ನು 0.96ಕ್ಕೆ ಇಳಿಸಿ. ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು ಯುರೋಪಿನ ಟಿವಿಗಾಗಿ 25ರಲ್ಲಿ ಓಡಿಸಿದ ಪ್ರತಿಗಳಲ್ಲಿ ಶೇ 4ರಷ್ಟು ವೇಗ ಹೆಚ್ಚಿ, ಶ್ರುತಿ ಮುಕ್ಕಾಲು ಸೆಮಿಟೋನಿನ ಹತ್ತಿರ ಮೇಲೇರುತ್ತದೆ. ಆಗ ಅವನ ಬೆರಳು ತೋರಿಸುವ ಸ್ವರವೇ ಬೇರೆ, ಕಿವಿಗೆ ಬೀಳುವುದೇ ಬೇರೆ. ಪರೀಕ್ಷೆಗೆ 1959ರ ಏಪ್ರಿಲ್ 2ರಂದು ನ್ಯೂಯಾರ್ಕಿನಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ಚಿತ್ರೀಕರಿಸಿದ 'ಸೋ ವಾಟ್' ಕೃತಿ ಒಳ್ಳೆಯದು: ಮೊದಲ 16 ಬಾರ್ (ತಾಳದ ಆವರ್ತ) 'ಡಿ' ಡೋರಿಯನ್ ಎಂಬ ಸ್ವರಶ್ರೇಣಿ, ಅಂದರೆ ಟೆನರ್ ಸ್ಯಾಕ್ಸೋಫೋನ್ ಹಿಡಿದವರ ಬೆರಳಿಗೆ 'ಇ' (ಅದರಲ್ಲಿ ಬೆರಳಿನ ಸ್ವರದ ಹೆಸರು ಕೇಳುವ ಸ್ವರಕ್ಕಿಂತ ಎರಡು ಸೆಮಿಟೋನ್ ಮೇಲಿರುತ್ತದೆ). ನಂತರದ 8 ಬಾರ್ ನಿಜವಾಗಿಯೂ ಒಂದು ಸೆಮಿಟೋನ್ ಮೇಲಿನ 'ಇ ಫ್ಲಾಟ್'; ಅಲ್ಲಿ ಅಳೆದು ಮೋಸಹೋಗಬೇಡಿ. ಯೂಟ್ಯೂಬಿನಲ್ಲೇ ವೇಗ ಇಳಿಸಿದರೆ ಶ್ರುತಿ ಇಳಿಯುವುದಿಲ್ಲ. ಫೈಲ್ ಕೈಯಲ್ಲಿದ್ದರೆ ವಿಡಿಯೊ ಪ್ಲೇಯರ್ ವಿಎಲ್‌ಸಿಯ ಆಡಿಯೊ ಸೆಟ್ಟಿಂಗಿನಲ್ಲಿ ವೇಗ ಬದಲಾದರೂ ಶ್ರುತಿಯನ್ನು ಹಾಗೇ ಹಿಡಿದಿಡುವ ಟೈಮ್ ಸ್ಟ್ರೆಚಿಂಗ್ ಟಿಕ್ ತೆಗೆದು, ಆಮೇಲೆ ವೇಗ ಬದಲಿಸಿ. ಡಿವಿಡಿ ಮಾಡುವಾಗಲೇ ಶ್ರುತಿ ಸರಿಪಡಿಸಿ ವೇಗವನ್ನು ಹಾಗೇ ಬಿಟ್ಟ ಪ್ರತಿಗಳಲ್ಲಿ ಈ ಉಪಾಯ ನಡೆಯದು. ಐದಾರು ಸೆಂಟ್ ವ್ಯತ್ಯಾಸವಿದ್ದರೆ ಅದು ಆ ದಿನದ ಪಿಯಾನೊ ಶ್ರುತಿಯೂ ಇರಬಹುದು, ಮುಟ್ಟಬೇಡಿ. ಹೋಲಿಕೆಗೆ 'ಸೋ ವಾಟ್' ಇರುವ ಡೇವಿಸ್ ಆಲ್ಬಮ್ 'ಕೈಂಡ್ ಆಫ್ ಬ್ಲೂ'ನ ಹಳೇ ಎಲ್‌ಪಿಯನ್ನಂತೂ ನೆಚ್ಚಬೇಡಿ: 1992ರಲ್ಲಿ ಸರಿಪಡಿಸುವವರೆಗೂ ಅದರ ಮೊದಲ ಬದಿಯೇ ಶ್ರುತಿಗಿಂತ ಮೇಲಿತ್ತು. ಹಾಗೇ, ಬಲಗೈ ಮೇಲೆ, ಎಡಗೈ ಕೆಳಗೆ ಕಂಡರೆ ಆ ವಿಡಿಯೊ ಕನ್ನಡಿಯಂತೆ ತಿರುಗಿದೆ. ಅದನ್ನು ನೋಡಿ ಬೆರಳು ಕಲಿಯಬೇಡಿ.